ಐವತ್ತು ದಾಟಿದ ಮೇಲೆ ಪಾಲಿಶ್ ಮಷಿನ್ ಹಿಡಿಯೋದು

ನಾನು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕಾರು ಪಾಲಿಶ್ ಕೆಲಸಕ್ಕೆ ಸೇರಿದ ಕಾಲಕ್ಕೆ ಪಾಲಿಶ್‌ಗೆ ಬರುತ್ತಿದ್ದದ್ದು ಹೆಚ್ಚಾಗಿ ಮಾರುತಿ 800, ಜೆನ್, ಸ್ಯಾಂಟ್ರೊ. ಮಾರುತಿ 800ರ ಎತ್ತರ ಸುಮಾರು 1.4 ಮೀಟರ್. ಐದಡಿ ನಾಲ್ಕಿಂಚಿನ ನಾನು ಡೋರ್ ಪಕ್ಕ ನಿಂತು ಕೈ ಚಾಚಿದರೆ ಮಷಿನ್ ಕಾರಿನ ಟಾಪ್‌ನ ನಡುಮಧ್ಯಕ್ಕೆ ಮುಟ್ಟುತ್ತಿತ್ತು. ಈಗ ಮಾಗಡಿ ರಸ್ತೆ ಕಡೆಯ ನನ್ನ ಅಂಗಡಿಗೆ ಬರೋದರಲ್ಲಿ ಅರ್ಧಕ್ಕಿಂತ ಹೆಚ್ಚು ಎಸ್‌ಯುವಿ. ಫಾರ್ಚೂನರ್ ಎತ್ತರ 1.8 ಮೀಟರ್ ದಾಟುತ್ತೆ, ನನ್ನ ನೆತ್ತಿಗಿಂತ ಮೇಲೆ. ನನಗೆ ಈಗ ಐವತ್ತಮೂರು. ವಯಸ್ಸು ಏರುತ್ತಾ ಹೋದ ಹಾಗೆ ಕಾರುಗಳೂ ಎತ್ತರವಾಗುತ್ತಾ ಹೋಗಿವೆ. ಈ ಕಸುಬಿನಲ್ಲಿ ನನ್ನ ವಾರಿಗೆಯವರ ಭುಜ ಕೆಟ್ಟಿರೋದಕ್ಕೆ ಬರೀ ವಯಸ್ಸನ್ನು ದೂರಿದರೆ ಆಗಲ್ಲ, ಇದನ್ನೂ ಲೆಕ್ಕಕ್ಕೆ ತಗೋಬೇಕು.

ಕಾರನ್ನು ಒಳಗೂ ಹೊರಗೂ ಶುಚಿ ಮಾಡಿ ಪಾಲಿಶ್ ಮಾಡೋ ನಮ್ಮ ಕಸುಬಿಗೆ ಡೀಟೇಲಿಂಗ್ ಅಂತಾರೆ. ಅದು ಬಟ್ಟೆಯಲ್ಲಿ ಒರೆಸಿ ಹೊಳಪು ಬರಿಸೋ ಹಗುರ ಕೆಲಸ ಅಂತ ಹೊರಗಿನವರು ತಿಳಿದುಕೊಂಡಿರುತ್ತಾರೆ. ಎರಡು–ಮೂರು ಕಿಲೋ ತೂಗುವ ಮಷಿನ್ ಹಿಡಿದು ಒಂದು ಕಾರಿನ ಮೈಯನ್ನೆಲ್ಲ ಇಂಚಿಂಚೂ ಮೂರು ನಾಲ್ಕು ಸಲ ದಾಟಬೇಕು. ಬಾನೆಟ್ ಮೇಲೆ ಬಾಗಿ, ಡೋರ್ ಮುಂದೆ ಅರ್ಧ ಕುಕ್ಕರಗಾಲಲ್ಲಿ, ಬಾಗಿಲ ಕೆಳಗಿನ ಹೊಸ್ತಿಲು, ಅಂದರೆ ಸಿಲ್ ಹತ್ತಿರ ಮಂಡಿಯೂರಿ, ಟಾಪ್‌ಗೆ ಕೈ ಎತ್ತಿ. ಒಂದೇ ಭಂಗಿಯಲ್ಲಿ ಹತ್ತು ನಿಮಿಷ ಇರೋಕೆ ಬಿಡದ ಕೆಲಸ ಇದು. ಆದರೂ ಒಂದೊಂದು ಭಂಗಿಯೂ ಒಂದೊಂದು ಕೀಲಿಗೆ ಕೆಟ್ಟದ್ದೇ.

ಮೊದಲು ಭುಜದ ವಿಷಯ. ಮೊಣಕೈ ಭುಜಕ್ಕಿಂತ ಮೇಲೆ ಹೋದಾಗ ಭುಜದ ತುದಿಯ ಮೂಳೆಯ ಕೆಳಗೆ ಹಾದುಹೋಗುವ ಸ್ನಾಯುರಜ್ಜು ಇಕ್ಕಟ್ಟಿಗೆ ಸಿಕ್ಕಿಕೊಳ್ಳುತ್ತೆ. ಅದೇ ಭಂಗಿಯಲ್ಲಿ ಅದುರುವ ಮಷಿನ್ ಹಿಡಿದು ವರ್ಷಗಟ್ಟಲೆ ದುಡಿದರೆ ಆ ರಜ್ಜು ಸವೆಯುತ್ತೆ. ಷರ್ಟ್ ತೋಳಿಗೆ ಕೈ ತೂರಿಸುವಾಗ ಚುಳುಕ್ ಅನ್ನುತ್ತೆ, ಆ ಮಗ್ಗುಲಾಗಿ ಮಲಗೋಕೆ ಆಗಲ್ಲ. ಸಕ್ಕರೆ ಕಾಯಿಲೆ ಇರೋರಿಗೆ ಭುಜ ಬಿಗಿದುಹೋಗಿ ಕೈಯೇ ಮೇಲೇಳದ ಸ್ಥಿತಿ ಬರೋದು ಇನ್ನೂ ಹೆಚ್ಚು. ಹಾಗಾಗಿ ನಮ್ಮ ಕಸುಬಿನವರು ನಲವತ್ತಾದ ಮೇಲೆ ವರ್ಷಕ್ಕೊಂದು ಸಲ ಶುಗರ್ ಪರೀಕ್ಷೆ ಮಾಡಿಸಲೇಬೇಕು.

ಇದಕ್ಕೆ ನಾನು ತಂದಿಟ್ಟಿರೋದು ಗೋಡೆಗೆ ಪೇಂಟ್ ಹೊಡೆಯೋರು ಬಳಸುವ ಮಡಚೋ ಅಲ್ಯೂಮಿನಿಯಂ ಹಲಗೆ. ಏಣಿ ಅಲ್ಲ, ಹಲಗೆ. ಏಣಿ ಮೆಟ್ಟಿಲ ಮೇಲೆ ಪಾದ ಇಕ್ಕಟ್ಟಾಗಿ ನಿಲ್ಲುತ್ತೆ, ಪಕ್ಕಕ್ಕೆ ಹೋಗಬೇಕಾದರೆ ಸೊಂಟ ತಿರುಚಬೇಕು. ಹಲಗೆ ಉದ್ದಕ್ಕಿದ್ದರೆ ಕಾಲೇ ಪಕ್ಕಕ್ಕೆ ಹೋಗುತ್ತೆ, ಮಷಿನ್ ಹೊಟ್ಟೆಯ ಮಟ್ಟದಲ್ಲೇ ಇರುತ್ತೆ. ಟಾಪ್‌ನ ಅರ್ಧ ಈ ಕಡೆಯಿಂದ, ಇನ್ನರ್ಧ ಆ ಕಡೆಯಿಂದ. ನಡುಗೆರೆ ದಾಟಿ ಚಾಚೋದು ನಮ್ಮ ಅಂಗಡಿಯಲ್ಲಿ ಇಲ್ಲ. ಹಲಗೆ ಎತ್ತಿ ಆ ಕಡೆ ಇಡೋಕೆ ಅರ್ಧ ನಿಮಿಷ ಸಾಕು, ಅಷ್ಟಕ್ಕೇ ಬೇಜಾರು ಮಾಡಿಕೊಂಡು ಭುಜ ಕಳೆದುಕೊಂಡವರನ್ನು ನೋಡಿದ್ದೇನೆ.

ಆಮೇಲೆ ಬೆರಳು. ಮೂರ್ನಾಲ್ಕು ವರ್ಷದ ಹಿಂದೆ ರಾತ್ರಿ ಎಚ್ಚರ ಆಗೋಕೆ ಶುರುವಾಯ್ತು. ಬಲಗೈ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದು ಮರದ ತುಂಡಿನ ಹಾಗೆ ಆಗಿರುತ್ತಿತ್ತು. ಕೈ ಕೊಡವಿದರೆ ಸರಿಹೋಗೋದು. ಬೆಳಿಗ್ಗೆ ಕಾಫಿ ಲೋಟ ಕೈಯಿಂದ ಜಾರೋದು ನೋಡಿ ಹೆಂಡತಿ, "ರೀ, ಇದು ಬರೀ ಸುಸ್ತಲ್ಲ, ತೋರಿಸ್ಕೊಂಡು ಬನ್ನಿ" ಅಂತ ಬೆನ್ನು ಹತ್ತಿದಳು. ಡಾಕ್ಟರ್ ಮೊದಲು ಕೇಳಿದ ಪ್ರಶ್ನೆ: "ಕಿರುಬೆರಳು ಜೋಮು ಹಿಡಿಯುತ್ತಾ?" ಇಲ್ಲ ಅಂದೆ. ಮಣಿಕಟ್ಟಿನ ಇಕ್ಕಟ್ಟು ಸುರಂಗದಲ್ಲಿ ಹಾದುಬರುವ ನರ ಒತ್ತಿಕೊಂಡರೆ ಹೆಬ್ಬೆರಳಿಂದ ಉಂಗುರ ಬೆರಳಿನ ಅರ್ಧದವರೆಗೆ ಮಾತ್ರ ಜೋಮು. ಕಿರುಬೆರಳಿನ ನರದ ದಾರಿಯೇ ಬೇರೆ. ಕಾರ್ಪಲ್ ಟನಲ್ ಅಂತಾರೆ. ರಾತ್ರಿ ಮಲಗುವಾಗ ಮಣಿಕಟ್ಟು ಮಡಚದ ಹಾಗೆ ನೆಟ್ಟಗೆ ಹಿಡಿದಿಡುವ ಪಟ್ಟಿ ಕೊಟ್ಟರು. ಅಷ್ಟರಿಂದಲೇ ಎಷ್ಟೋ ರಾತ್ರಿ ನಿದ್ದೆ ವಾಪಸ್ ಬಂತು. ಪಟ್ಟಿ ಕಟ್ಟಿಕೊಂಡು ಕೆಲಸ ಮಾಡಬಾರದು ಅನ್ನೋದನ್ನೂ ಹೇಳಿದರು. ಮಣಿಕಟ್ಟು ತಿರುಗದಿದ್ದರೆ ಮೊಣಕೈ, ಭುಜ ಆ ಕೆಲಸ ಎಳೆದುಕೊಳ್ಳುತ್ತವೆ.

ಮಷಿನ್ ಅದುರುವಿಕೆಯಿಂದ ಬರೋ ಇನ್ನೊಂದು ಕಾಯಿಲೆ ಇದೆ, ಅದು ಹೆಚ್ಚು ಭಯದ್ದು. ಚಳಿಯಲ್ಲಿ ಬೆರಳ ತುದಿ ಬಿಳಿಚಿಕೊಳ್ಳುತ್ತೆ, ರಕ್ತ ಸರಿಯಾಗಿ ಹೋಗಲ್ಲ, ಸ್ಪರ್ಶ ಮಂದ ಆಗುತ್ತೆ. ತುಂಬಾ ಮುಂದುವರಿದ ಮೇಲೆ ಪೂರ್ತಿ ವಾಪಸ್ ಬರೋದು ಕಷ್ಟ. ಯುರೋಪಿಯನ್ ಒಕ್ಕೂಟ 2002ರಲ್ಲೇ ಇದಕ್ಕೆ ಮಿತಿ ಹಾಕಿದೆ. ಕೈಗೆ ತಟ್ಟುವ ಕಂಪನ ಎಂಟು ಗಂಟೆ ಕೆಲಸದ ಲೆಕ್ಕದಲ್ಲಿ ಸೆಕೆಂಡ್ ವರ್ಗಕ್ಕೆ 2.5 ಮೀಟರ್ ಮುಟ್ಟಿದರೆ ಮಾಲೀಕ ಕ್ರಮ ತಗೋಬೇಕು, 5 ದಾಟಲೇಬಾರದು. ಮಷಿನ್ ಎಷ್ಟು ಅದುರುತ್ತೆ ಅನ್ನೋ ಅಂಕಿ ಬಹಳಷ್ಟು ಮಷಿನ್‌ಗಳ ಜೊತೆ ಬರುವ ಪುಸ್ತಕದ ಹಿಂದಿನ ಪುಟಗಳಲ್ಲಿ ಇರುತ್ತೆ, ನಾವು ಯಾರೂ ಓದಲ್ಲ. ಕಂಪನ ಎರಡರಷ್ಟಾದರೆ ಹಿಡಿಯಬಹುದಾದ ಸಮಯ ಅರ್ಧ ಆಗಲ್ಲ, ಕಾಲು ಭಾಗಕ್ಕೆ ಇಳಿಯುತ್ತೆ. 5ರ ಮಷಿನ್ ಹಿಡಿದರೆ ಎರಡೇ ಗಂಟೆಗೆ ಆ 2.5ರ ಎಚ್ಚರಿಕೆಯ ಗೆರೆ ಮುಟ್ಟಿಬಿಡುತ್ತೇವೆ. ನಮ್ಮಲ್ಲಿ ಹುಡುಗರು ಬೆಳಿಗ್ಗೆ ಹತ್ತಕ್ಕೆ ಹಿಡಿದವರು ಊಟಕ್ಕೇ ಕೆಳಗಿಡೋದು.

ನಾವು ಕಲಿತಿದ್ದು ರೋಟರಿಯಲ್ಲಿ. ಒಂದೇ ದಿಕ್ಕಿಗೆ ಗಿರ್ರನೆ ತಿರುಗುವ ಆ ಮಷಿನ್ ಅದುರೋದು ಕಡಿಮೆ, ಆದರೆ ಅಂಚು ಸಿಕ್ಕಿದರೆ ಎಳೆದುಕೊಂಡು ಹೋಗುತ್ತೆ, ಅದನ್ನು ತಡೆದು ಹಿಡಿಯೋಕೆ ಮುಂಗೈಯ ಬಲವೆಲ್ಲ ಹೋಗುತ್ತೆ. ಈಗಿನ ಡ್ಯುಯಲ್ ಆಕ್ಷನ್, ಅಂದರೆ ಡಿಎ ಮಷಿನ್ ತಿರುಗುತ್ತಲೇ ಓಲಾಡುತ್ತೆ. ಎಳೆಯಲ್ಲ, ಪೇಂಟ್ ಸುಡುವ ಭಯ ಕಡಿಮೆ, ಆದರೆ ಅದುರುತ್ತೆ. ಎರಡರಲ್ಲೂ ಕೆಡುಕು ಇದೆ. ನನ್ನ ಈ ವಯಸ್ಸಿಗೆ ಡಿಎ ವಾಸಿ ಅನ್ನೋದು ನನ್ನ ಅನುಭವ. ಅದನ್ನು ಸರಿಯಾಗಿ ಬಳಸಿದರೆ ಮಾತ್ರ.

ಸರಿಯಾಗಿ ಅಂದರೇನು ಅಂತ ಹೇಳ್ತೀನಿ. ರೋಟರಿ ಕಲಿತವರಿಗೆಲ್ಲ ಒತ್ತೋ ಅಭ್ಯಾಸ. ಗೀರು ಹೋಗಲಿಲ್ಲ ಅಂದರೆ ಮೈಭಾರ ಹಾಕಿ ಒತ್ತೋದು. ಡಿಎ ಮಷಿನ್ ಒತ್ತಿದರೆ ಅದರ ತುದಿಯ ಪಾಲಿಶ್ ಪ್ಯಾಡ್ ತಿರುಗೋದೇ ನಿಂತುಹೋಗುತ್ತೆ, ಬರೀ ನಡುಗುತ್ತೆ. ಗೀರು ಹೋಗಲ್ಲ, ನಡುಕವೆಲ್ಲ ಕೈಗೆ. ಅದಕ್ಕೆ ನಮ್ಮ ಅಂಗಡಿಯ ಎಲ್ಲಾ ಮಷಿನ್‌ಗಳ ಬ್ಯಾಕಿಂಗ್ ಪ್ಲೇಟ್, ಅಂದರೆ ಪ್ಯಾಡ್ ಅಂಟಿಸುವ ತಟ್ಟೆಯ ಅಂಚಿಗೆ ಕಪ್ಪು ಮಾರ್ಕರ್‌ನಲ್ಲಿ ಒಂದು ಗೆರೆ ಎಳೆದಿದ್ದೇನೆ. ಕೆಲಸ ಮಾಡುವಾಗ ಆ ಗೆರೆ ಸುತ್ತು ಹಾಕೋದು ಕಣ್ಣಿಗೆ ಕಾಣಬೇಕು. ಒಂದೇ ಕಡೆ ನಿಂತು ನಡುಗಿದರೆ ಒತ್ತು ಜಾಸ್ತಿಯಾಗಿದೆ ಅಂತ ಅರ್ಥ. ಎರಡು ಬೆರಳ ಭಾರ ತೆಗೆದರೆ ಗೆರೆ ಮತ್ತೆ ಓಡುತ್ತೆ. ಹೊಸ ಹುಡುಗನಿಗೆ ಇದೊಂದನ್ನು ತೋರಿಸೋಕೆ ನಾನು ಒಂದು ಬಾನೆಟ್ ಪೂರ್ತಿ ಅವನ ಪಕ್ಕ ನಿಲ್ಲುತ್ತೇನೆ.

ಪ್ಯಾಡ್ ಒದ್ದೆಯಾಗಿ, ಗೀರು ತೆಗೆಯೋ ಪೇಸ್ಟ್, ಅಂದರೆ ಕಾಂಪೌಂಡ್ ಕುಡಿದು ಭಾರವಾದರೂ ಮಷಿನ್ ಹೆಚ್ಚು ಅದುರುತ್ತೆ. ಡೋರ್, ಬಾನೆಟ್ ಹೀಗೆ ಒಂದು ಪ್ಯಾನೆಲ್ ಆದ ಕೂಡಲೇ ಕಂಪ್ರೆಸರ್ ಗಾಳಿ ಹೊಡೆದು ಒಣಗಿಸಬೇಕು, ಎರಡು ಮೂರು ಪ್ಯಾನೆಲ್‌ಗೆ ಪ್ಯಾಡ್ ಬದಲಿಸಬೇಕು. ಪ್ಯಾಡ್ ಉಳಿಸೋಕೆ ಹೋಗಿ ಕೈ ಖರ್ಚು ಮಾಡೋ ಅಂಗಡಿಗಳೇ ಜಾಸ್ತಿ.

ಟಾಪ್ ಕೆಲಸಕ್ಕಿಂತ ನನಗೆ ಕಷ್ಟ ಅನ್ನಿಸೋದು ಒಳಗಿನ ಕ್ಲೀನಿಂಗ್. ಇನ್ನೋವಾ ಹಿಂದಿನ ಸಾಲಿನ ಸೀಟಿನ ಸಂದಿ ನೋಡಿ. ಕಡಲೆಪುರಿ, ಬಿಸ್ಕತ್ ಪುಡಿ, ತಿರುಪತಿಗೆ ಹೋಗಿಬಂದ ತಲೆಕೂದಲು. ಒಂದು ಕಾಲು ಹೊರಗೆ, ಒಂದು ಮಂಡಿ ಸೀಟ್ ಮೇಲೆ, ತಲೆ ತಗ್ಗಿಸಿ, ಸೊಂಟ ತಿರುಚಿ, ಒಂದು ಕೈಯಲ್ಲಿ ಬ್ರಷ್, ಇನ್ನೊಂದರಲ್ಲಿ ವ್ಯಾಕ್ಯೂಮ್ ಪೈಪ್. ಬಾಗಿ ತಿರುಚೋದು ಎರಡೂ ಒಟ್ಟಿಗೆ ಆದಾಗಲೇ ಸೊಂಟ ಹಿಡಿದುಕೊಳ್ಳೋದು. ಈಗ ಮೊದಲು ಹೆಡ್‌ರೆಸ್ಟ್ ಎಲ್ಲ ಕಿತ್ತು ಹೊರಗಿಡುತ್ತೇವೆ, ಸೀಟು ಪೂರ್ತಿ ಹಿಂದಕ್ಕೆ, ಆಮೇಲೆ ಪೂರ್ತಿ ಮುಂದಕ್ಕೆ. ವ್ಯಾಕ್ಯೂಮ್ ಪೈಪನ್ನು ಸೀಲಿಂಗ್‌ನ ಕೊಕ್ಕೆಯಿಂದ ಇಳಿಬಿಟ್ಟಿದ್ದೇನೆ, ನೆಲದ ಮೇಲೆ ಎಳೆದಾಡೋ ಭಾರ ಇಲ್ಲ. ಡೋರ್ ಸಿಲ್ ಮೇಲೆ ಕೂತು, ಕಾಲು ಹೊರಗೆ ಬಿಟ್ಟು, ಉದ್ದ ಮೂತಿಯ ನಾಝಲ್‌ನಲ್ಲಿ ಕೈಗೆಟುಕುವಷ್ಟು ಮುಗಿಸಿ, ಇಳಿದು, ಆ ಕಡೆಯ ಬಾಗಿಲಿಗೆ ಹೋಗೋದು. ಡಿಕ್ಕಿಗೆ ಬೇರೆಯೇ ಸರದಿ.

ಮಂಡಿಗೆ ಟೈಲ್ಸ್ ಹಾಕೋ ಕೆಲಸದವರ ಮಂಡಿ ಪ್ಯಾಡ್. ಚಕ್ರ, ಸಿಲ್‌ಗೆ ಉರುಳೋ ಕುಳ್ಳ ಸ್ಟೂಲು. ಬರೀ ಸಿಮೆಂಟಿನ ಮೇಲೆ ಮಂಡಿಯೂರಿ ಕೆಲಸ ಮಾಡಿದರೆ ಮಂಡಿಚಿಪ್ಪಿನ ಮುಂದೆ ನೀರು ತುಂಬಿ ಊದಿಕೊಳ್ಳುತ್ತೆ. ನನ್ನ ಜೊತೆ ಕೆಲಸ ಕಲಿತವನೊಬ್ಬ ಅದಕ್ಕೇ ಈ ಕೆಲಸ ಬಿಟ್ಟು ಆಟೋ ಓಡಿಸುತ್ತಿದ್ದಾನೆ. ರೋಟರಿಯಲ್ಲಿ ಅವನ ಕೈಯಷ್ಟು ಸಮನಾಗಿ ಓಡೋ ಕೈ ನಾನು ಇನ್ನೊಂದು ನೋಡಿಲ್ಲ.

ಉಜ್ಜೋ ಕೆಲಸವನ್ನು ಕೆಮಿಕಲ್‌ಗೆ ಬಿಟ್ಟುಕೊಡೋದು ವಯಸ್ಸಾದವರಿಗೆ ದೊಡ್ಡ ಉಪಕಾರ. ಬ್ರೇಕ್ ಧೂಳು ಕಚ್ಚಿಕೊಂಡ ಅಲಾಯ್ ಚಕ್ರವನ್ನು ಮೊದಲು ಬ್ರಷ್‌ನಲ್ಲಿ ತಿಕ್ಕಿ ತಿಕ್ಕಿ ತೆಗೆಯುತ್ತಿದ್ದೆವು. ಈಗ ಐರನ್ ರಿಮೂವರ್ ಹೊಡೆದು ಮೂರು ನಾಲ್ಕು ನಿಮಿಷ ಕಾದರೆ ಕಬ್ಬಿಣದ ಕಣಗಳ ಜೊತೆ ಸೇರಿ ನೇರಳೆ ಬಣ್ಣದಲ್ಲಿ ಇಳಿದುಬರುತ್ತೆ. ಕೊಳೆತ ಮೊಟ್ಟೆ ವಾಸನೆ, ಅದನ್ನು ಸಹಿಸಿಕೊಳ್ಳಬೇಕು. ಗ್ಲೌಸ್ ಬೇಕೇ ಬೇಕು. ಬೋರ್‌ವೆಲ್ ನೀರಿನ ಬಿಳಿ ಕಲೆಗಳದ್ದೂ ಹಾಗೇ. ಬೆಂಗಳೂರಿನ ಅಪಾರ್ಟ್‌ಮೆಂಟ್ ಕಾರುಗಳಲ್ಲಿ ಇದು ತಪ್ಪಿದ್ದಲ್ಲ. ಹೊಸ ಕಲೆಯಾದರೆ ಮಷಿನ್ ಯಾಕೆ, ಹುಳಿ ಗುಣದ ವಾಟರ್ ಸ್ಪಾಟ್ ರಿಮೂವರ್ ಸುಣ್ಣದಂಶ ಕರಗಿಸುತ್ತೆ. ಆದರೆ ಚಕ್ರಕ್ಕೆ ಕೆಲವು ಕಡೆ ಡಬ್ಬದಲ್ಲಿ ಮಾರುವ, ಹೆಸರಿಲ್ಲದ ಆಸಿಡ್ ಮಾತ್ರ ಮುಟ್ಟಬೇಡಿ. ಅದರಲ್ಲಿ ಹೈಡ್ರೋಫ್ಲೋರಿಕ್ ಇದ್ದರೆ ಚರ್ಮ ದಾಟಿ ಮೂಳೆವರೆಗೂ ಇಳಿಯುತ್ತೆ.

2024ರ ಮಾರ್ಚ್‌ನಲ್ಲಿ ಬೆಂಗಳೂರಲ್ಲಿ ನೀರಿಗೆ ಹಾಹಾಕಾರ ಎದ್ದು, ಕುಡಿಯೋ ನೀರಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಮಾಡಿತು. ಆಗ ನಾವು ರಿನ್ಸ್‌ಲೆಸ್ ವಾಷ್, ಅಂದರೆ ಒರೆಸಿದ ಮೇಲೆ ಮತ್ತೆ ನೀರು ಹಾಯಿಸದೆ ಮುಗಿಸೋ ವಿಧಾನದ ಕಡೆ ತಿರುಗಿದೆವು. ತೀರಾ ಕೆಸರಿಲ್ಲದ ಕಾರಿಗೆ ಒಂದು ಬಕೆಟ್ ನೀರು, ಒಂದು ರಾಶಿ ಮೈಕ್ರೋಫೈಬರ್ ಬಟ್ಟೆ, ಅಷ್ಟೇ. ನೀರು ಉಳಿಸೋಕೆ ಮಾಡಿದ್ದು ನನ್ನ ಸೊಂಟಕ್ಕೂ ಒಳ್ಳೆಯದಾಯ್ತು. ಬಕೆಟ್ ಎತ್ತಿಳಿಸೋದು, ಪ್ರೆಷರ್ ಪೈಪ್ ಎಳೆಯೋದು, ಒದ್ದೆ ನೆಲದಲ್ಲಿ ಜಾರೋ ಭಯ, ಎಲ್ಲಾ ಕಡಿಮೆ. ನೀರಿನ ಬವಣೆ ತೀರಿದ ಮೇಲೂ ನಾವು ಅದನ್ನೇ ಮುಂದುವರಿಸಿದ್ದೇವೆ.

ಕಣ್ಣಿನ ಬಗ್ಗೆ ಒಂದು ಮಾತು. ಎರಡು ಪವರ್ ಇರೋ ಕನ್ನಡಕದಲ್ಲಿ ಹತ್ತಿರದ್ದು ಕಾಣೋದು ಕೆಳಗಿನ ಭಾಗದಲ್ಲಿ. ಟಾಪ್ ಹೊತ್ತಿರೋ ಕಂಬ, ಅಂದರೆ ಪಿಲ್ಲರ್ ಮೇಲಿನ ಗೀರು ನೋಡೋಕೆ ಕತ್ತು ಹಿಂದಕ್ಕೆ ಎತ್ತಿ ಎತ್ತಿ ಕುತ್ತಿಗೆ ನೋವು ಬರುತ್ತೆ. ಕೆಲಸಕ್ಕೆ ಅಂತಲೇ ಒಂದೇ ಪವರ್‌ನ ಬೇರೆ ಕನ್ನಡಕ ಮಾಡಿಸಿಕೊಳ್ಳಿ.

ಇಷ್ಟೆಲ್ಲ ಮಾಡಿದರೆ ಸಮಯ ಹಿಡಿಯುತ್ತೆ, ಸಮಯಕ್ಕೆ ದುಡ್ಡು ಕೇಳಬೇಕಾಗುತ್ತೆ. ಮೊದಲು ಗೀರು ತೆಗೆದು ಆಮೇಲೆ ಹೊಳಪು ಕೊಡೋ ಎರಡು ಹಂತದ ಪಾಲಿಶ್ ಹಿಂದೆಲ್ಲ ಒಂದೇ ದಿನದಲ್ಲಿ ಮುಗಿಸಿ ಸಂಜೆ ಕೀ ಕೊಡುತ್ತಿದ್ದೆ. ಈಗ ಎರಡು ದಿನ ಕೇಳುತ್ತೇನೆ. "ಪಕ್ಕದ ರಸ್ತೆಯಲ್ಲಿ ಸಂಜೆಗೇ ಕೊಡ್ತಾರಲ್ಲ" ಅನ್ನೋ ಗಿರಾಕಿಗೆ ನಾನು ವಾದ ಮಾಡಲ್ಲ. ಮೊದಲ ಪ್ಯಾನೆಲ್‌ಗೂ ಕೊನೆಯ ಪ್ಯಾನೆಲ್‌ಗೂ ಲೈಟ್ ಹಿಡಿದು ತೋರಿಸುತ್ತೇನೆ. ಸುಸ್ತಾದ ಕೈ ಕೊನೆಗೆ ಉಳಿಯೋ ಡೋರ್‌ನಲ್ಲಿ ಏನು ಬಿಟ್ಟಿರುತ್ತೆ ಅನ್ನೋದು ಬಿಸಿಲಿಗೆ ನಿಲ್ಲಿಸಿದರೆ ಯಾರಿಗೂ ಗೊತ್ತಾಗುತ್ತೆ. ಕೆಲವರು ಹೋಗುತ್ತಾರೆ, ಹೋಗಲಿ. ಇಬ್ಬರು ಮಾಡೋ ಕೆಲಸವನ್ನು ಒಬ್ಬನ ಕೈಲಿ ಮಾಡಿಸಿ ಅಗ್ಗಕ್ಕೆ ಕೊಡೋದು ನನಗೆ ಸರಿ ಕಾಣಲ್ಲ.

ಹುಡುಗರ ಬಗ್ಗೆಯೇ ನನಗೆ ಹೆಚ್ಚು ಚಿಂತೆ. ಇಪ್ಪತ್ತೆರಡರ ವಯಸ್ಸಿನವನಿಗೆ ಏನೂ ನೋಯಲ್ಲ. "ಅಣ್ಣ, ನೀವು ಕೂತ್ಕೊಳ್ಳಿ, ಟಾಪ್ ನಾನ್ ಮುಗಿಸ್ತೀನಿ" ಅಂತ ಪ್ರೀತಿಯಿಂದಲೇ ಅನ್ನುತ್ತಾನೆ. ಆದರೆ ಅದುರುವಿಕೆಯ ಹಾನಿ ಒಳಗೊಳಗೇ ಸೇರುತ್ತಾ ಹೋಗುತ್ತೆ, ಗೊತ್ತಾಗೋ ಹೊತ್ತಿಗೆ ವರ್ಷಗಳು ಕಳೆದಿರುತ್ತವೆ. ಅದಕ್ಕೆ ಗೋಡೆಗೆ ಅಡುಗೆಮನೆ ಟೈಮರ್ ನೇತುಹಾಕಿದ್ದೇನೆ. ಇಪ್ಪತ್ತು ನಿಮಿಷ ಮಷಿನ್, ಆಮೇಲೆ ಮಷಿನ್ ಇನ್ನೊಬ್ಬನ ಕೈಗೆ; ಇವನು ಬಟ್ಟೆಯಲ್ಲಿ ಒರೆಸೋದು, ಟೇಪ್ ಹಾಕೋದು. ಚಳಿಗಾಲದ ಬೆಳಿಗ್ಗೆ ಬಿಸಿನೀರಿನಲ್ಲಿ ಕೈ ಬೆಚ್ಚಗೆ ಮಾಡಿಕೊಂಡ ಮೇಲೆಯೇ ಮಷಿನ್. ಸಿಗರೇಟು ರಕ್ತನಾಳ ಬಿಗಿಯುತ್ತೆ, ಬೆರಳಿಗೆ ಎರಡೆರಡು ಏಟು. ಟೀ ಜೊತೆ ಸೇದೋದನ್ನು ಇಬ್ಬರು ಬಿಟ್ಟಿದ್ದಾರೆ, ಒಬ್ಬ ಇನ್ನೂ ಬಿಟ್ಟಿಲ್ಲ, ಅವನಿಗೆ ದಿನಾ ಹೇಳುತ್ತೇನೆ.

ನಾನು ಕೈಯಲ್ಲಿ ಉಳಿಸಿಕೊಂಡಿರೋದು ಹೆಡ್‌ಲೈಟ್, ಲೆದರ್ ಸೀಟು, ಪಳಪಳ ಹೊಳೆಯೋ ಕಪ್ಪು ಪಟ್ಟಿ, ಅಂದರೆ ಪಿಯಾನೋ ಬ್ಲ್ಯಾಕ್ ಟ್ರಿಮ್‌ಗೆ ಪುಟ್ಟ ಮಷಿನ್‌ನಲ್ಲಿ ಮಾಡೋ ಸೂಕ್ಷ್ಮ ಪಾಲಿಶ್, ಮತ್ತೆ ಕೀ ಕೊಡೋ ಮುಂಚಿನ ಕೊನೆಯ ಪರೀಕ್ಷೆ. ಅನುಭವ ಬೇಕಾದ್ದು ಅಲ್ಲೇ.

ಕೊನೆಗೆ, ನಮ್ಮ ಗಿರಾಕಿಗಳೂ ಇದನ್ನು ಓದುತ್ತಾರೆ, ಅವರಿಗೆ ಒಂದು ವಿನಂತಿ. ಆಯುಧ ಪೂಜೆಯ ವಾರ ಬೆಂಗಳೂರಿನ ಎಲ್ಲಾ ಕಾರುಗಳೂ ಒಟ್ಟಿಗೇ ಫಳಫಳ ಅನ್ನಬೇಕು. ವರ್ಷದಲ್ಲಿ ನಮ್ಮ ಮೈ ಹೆಚ್ಚು ನೋಯೋದು ಆ ಏಳೆಂಟು ದಿನ. ಇನ್ನು ಮುಂದೆ ಆ ವಾರ ನಾವು ವಾಷ್ ಮತ್ತು ಒಳಗಿನ ಕ್ಲೀನಿಂಗ್ ಮಾತ್ರ ತಗೊಳ್ಳೋದು. ಪಾಲಿಶ್ ಬೇಕಾದವರು ಗಣೇಶನ ಹಬ್ಬ ಕಳೆದ ಕೂಡಲೇ ಫೋನ್ ಮಾಡಿ. ಪೂಜೆಯಾದ ಮೇಲೆ ಬಾನೆಟ್ ಮೇಲೆ ಸಿಡಿದ ಬೂದುಗುಂಬಳದ ರಸ, ಚಕ್ರಕ್ಕೆ ಹಾರಿದ ನಿಂಬೆಹಣ್ಣಿನ ರಸ ಅವತ್ತೇ ನೀರಲ್ಲಿ ತೊಳೆದುಬಿಡಿ. ಸೀಟಿಗೆ, ಎಸಿ ಸಂದಿಗೆ ಬಿದ್ದ ಕುಂಕುಮವನ್ನು ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ, ಬಣ್ಣ ಬಿಟ್ಟು ಒಳಗಿಳಿಯುತ್ತೆ. ಒಣಗಿದ್ದ ಹಾಗೇ ತನ್ನಿ, ವ್ಯಾಕ್ಯೂಮ್‌ನಲ್ಲೇ ಎಲ್ಲಾ ಬರುತ್ತೆ, ನಮ್ಮ ಹುಡುಗರು ಅರ್ಧ ಗಂಟೆ ತಿಕ್ಕೋದು ತಪ್ಪುತ್ತೆ.