ಬೋರ್ಡಿನ ಮೇಲೆ ಬರೆದ ಬೋರ್ಡು

ಎಂಟನೇ ಕ್ಲಾಸಿನಲ್ಲಿ ನಮಗೆಲ್ಲ ಇಂಗ್ಲಿಷ್ ಅಂದರೆ ಭಯ. ಪಾಠ ಹೇಗೋ ಓದುತ್ತಿದ್ದೆವು, ಪದಗಳ ಅರ್ಥ ಗಟ್ಟು ಹಾಕುವುದೇ ಕಷ್ಟ. ಒಂದೇ ಪದಕ್ಕೆ ನಾಲ್ಕೈದು ಅರ್ಥ ಇದ್ದರಂತೂ ಮುಗೀತು. ನಮ್ಮ ಶಾಲೆಯಲ್ಲಿ ಕಲಿತದ್ದರಲ್ಲಿ ಇವತ್ತಿಗೂ ನನ್ನ ಜೊತೆಗಿರುವುದು ಯಾವುದು ಅಂತ ಕೇಳಿದರೆ, ಆ ಭಯ ಬಿಡಿಸಿದ ನಮ್ಮ ಇಂಗ್ಲಿಷ್ ಮೇಷ್ಟ್ರ ಒಂದು ಪೀರಿಯಡ್ ಅಂತಲೇ ಹೇಳುತ್ತೇನೆ.

ಆಗ ನಮ್ಮ ಕ್ಲಾಸಿನಲ್ಲಿದ್ದದ್ದು ಮರದ ಕರಿಹಲಗೆ. ಶನಿವಾರ ಇದ್ದಿಲು ಅರೆದು, ಸೊಪ್ಪಿನ ರಸ ಸೇರಿಸಿ ಅದಕ್ಕೆ ಬಳಿಯುವುದು ನಮ್ಮ ಪಾಳಿ. ಅಂಗೈ ಕಪ್ಪಾದರೆ ಭಾನುವಾರವೂ ಹೋಗುತ್ತಿರಲಿಲ್ಲ. ಒಂದು ಸೋಮವಾರ ಸಾರ್ ಬಂದವರೇ ಆ ಹೊಸ ಕಪ್ಪಿನ ಮೇಲೆ ದೊಡ್ಡದಾಗಿ 'ಬೋರ್ಡ್' ಅಂತ ಇಂಗ್ಲಿಷಿನಲ್ಲಿ ಬರೆದರು. "ನಿಮಗೆ ಗೊತ್ತಿರೋ ಬೋರ್ಡೆಲ್ಲ ಹೇಳ್ರಪ್ಪಾ" ಅಂದರು.

ಬ್ಲ್ಯಾಕ್ ಬೋರ್ಡು, ಕೇರಂ ಬೋರ್ಡು, ಸ್ವಿಚ್ ಬೋರ್ಡು, ಅರಸೀಕೆರೆ ಬಸ್ಸಿನ ಬೋರ್ಡು. ಒಬ್ಬ "ಕರೆಂಟ್ ಕೊಡೋ ಕೆಇಬಿ ಸಾರ್, ಅದರಲ್ಲಿ ಬಿ ಅಂದ್ರೆ ಬೋರ್ಡು" ಅಂದ. ಹಿಂದಿನ ಬೆಂಚಿನವನೊಬ್ಬ ಬಸ್‌ಸ್ಟ್ಯಾಂಡ್ ಎದುರಿನ 'ಬೋರ್ಡಿಂಗ್ ಅಂಡ್ ಲಾಡ್ಜಿಂಗ್' ನೆನಪಿಸಿದ. ಕೆಇಬಿಗೂ ಲಾಡ್ಜಿಗೂ ಏನು ಸಂಬಂಧ ಸಾರ್, ಎಲ್ಲ ಬೇರೆ ಬೇರೆ ಅಲ್ವಾ ಅಂತ ನಾವು.

ಸಾರ್ ಉತ್ತರ ಕೊಡಲಿಲ್ಲ. ನಿಮ್ಮ ಮನೆಯಲ್ಲಿ ಯಾವ ಯಾವ ಮಣೆ ಇದೆ ಅಂತ ಕೇಳಿದರು. ಚಪಾತಿ ಮಣೆ, ಈಳಿಗೆಮಣೆ, ಶಾವಿಗೆ ಮಣೆ, ಅಳಗುಳಿ ಮಣೆ, ಮದುವೆ ಮನೆಯ ಹಸೆಮಣೆ. "ದುಡ್ಡಿದ್ದೋರಿಗೆ ಮಣೆ ಹಾಕ್ತಾರೆ ಅಂತೀವಲ್ಲ, ಅಲ್ಲಿ ಮರ ಎಲ್ಲಿದೆ?" ಅಂದರು. ನಮಗೆ ತಟ್ಟನೆ ಹೊಳೆಯಿತು. ಮೊದಲು ಕೂರಲು ಮಣೆ ಕೊಡುವುದೇ ಮರ್ಯಾದೆ. ಆಮೇಲೆ ಮಣೆ ಇಲ್ಲದಿದ್ದರೂ ಮಾತು ಉಳಿಯಿತು.

ಬೋರ್ಡಿನದ್ದೂ ಅದೇ ಕಥೆ. ಹಳೆಯ ಇಂಗ್ಲಿಷಿನಲ್ಲಿ 'ಬೋರ್ಡ್' ಅಂದರೆ ಸೀಳಿದ ಮರದ ಹಲಗೆ. ಯುದ್ಧದ ಗುರಾಣಿಗೂ ಅದೇ ಹೆಸರಿತ್ತು, ಅದೂ ಹಲಗೆಯದೇ ತಾನೇ. ಆ ಕಾಲದ ಮನೆಗಳಲ್ಲಿ ಊಟದ ಹೊತ್ತಿಗೆ ಮರದ ಕಾಲುಗಳ ಮೇಲೆ ಉದ್ದದ ಹಲಗೆ ಇಟ್ಟು, ಊಟವಾದ ಮೇಲೆ ತೆಗೆದು ಗೋಡೆಗೆ ಒರಗಿಸುತ್ತಿದ್ದರು. ಹೀಗೆ ಬೋರ್ಡ್ ಅಂದರೆ ಊಟದ ಮೇಜು ಆಯಿತು. ಬರಬರುತ್ತಾ ಅದರ ಮೇಲಿನ ಊಟಕ್ಕೂ ಅದೇ ಹೆಸರು ಬಂತು. ಲಾಡ್ಜಿನ ಬೋರ್ಡಿಂಗ್ ಅಂದರೆ ಊಟ, ಲಾಡ್ಜಿಂಗ್ ಅಂದರೆ ವಸತಿ! ದಿನಾ ಆ ಫಲಕದ ಕೆಳಗೇ ಬಸ್ಸಿಗೆ ಕಾದಿದ್ದೆವು, ಒಬ್ಬರಿಗೂ ಗೊತ್ತಿರಲಿಲ್ಲ.

ಅದೇ ಮೇಜಿನ ಸುತ್ತ ಕೂತು ಲೆಕ್ಕ, ವ್ಯವಹಾರ ಮಾತಾಡುವವರೂ ಬೋರ್ಡ್ ಆದರು. ಕೆಇಬಿ, ಎಸ್ಸೆಸ್ಸೆಲ್ಸಿ ಬೋರ್ಡು, ನಮ್ಮಜ್ಜಿ ಹೇಳುತ್ತಿದ್ದ ತಾಲ್ಲೂಕು ಬೋರ್ಡ್ ಎಲ್ಲ ಈ ಕಡೆಯವು. 1999ರಲ್ಲಿ ಕೆಇಬಿ ಹೋಗಿ ಕೆಪಿಟಿಸಿಎಲ್ ಬಂದರೂ, ಕರೆಂಟು ಹೋದಾಗ ನಮ್ಮೂರಲ್ಲಿ ಈಗಲೂ "ಕೆಇಬಿಗೆ ಫೋನ್ ಮಾಡು" ಅಂತಲೇ ಹೇಳುತ್ತಾರೆ. ಇಸ್ಪೀಟು ಆಡುವಾಗ ಕೈ ಮೇಜಿನ ಕೆಳಗೆ ಹೋದರೆ ಮೋಸ, ಮೇಲಿದ್ದರೆ ನೇರ ಆಟ. 'ಅಬವ್ ಬೋರ್ಡ್' ಅಂದರೆ ಮುಚ್ಚುಮರೆ ಇಲ್ಲದ್ದು ಅಂತ ಅರ್ಥ ಬಂದದ್ದು ಅಲ್ಲಿಂದ.

ನನಗೆ ಜಾಸ್ತಿ ಇಷ್ಟವಾದದ್ದು ಹಡಗಿನ ಭಾಗ. ಹಡಗಿನ ಪಕ್ಕಕ್ಕೂ ಬೋರ್ಡ್ ಅನ್ನುತ್ತಿದ್ದರು. ಅಂಚು ಅನ್ನುವ ಅರ್ಥದ ಇನ್ನೊಂದು ಪದ ಇದೇ ಉಚ್ಚಾರದಲ್ಲಿತ್ತು, ಎರಡೂ ಬಹಳ ಹಿಂದೆಯೇ ಬೆರೆತುಹೋದವು. ಬಸ್ಸು, ರೈಲು ಹತ್ತುವುದಕ್ಕೂ ಬೋರ್ಡ್ ಅನ್ನುವುದು ಈ ಹಡಗಿನಿಂದ ಬಂದ ರೂಢಿ. ಹಡಗಿನ ಬಲಬದಿ 'ಸ್ಟಾರ್‌ಬೋರ್ಡ್'. ನಕ್ಷತ್ರಕ್ಕೂ ಅದಕ್ಕೂ ಸಂಬಂಧವಿಲ್ಲ. ಆ 'ಸ್ಟಾರ್' ಅಂದರೆ ದಿಕ್ಕು ತಿರುಗಿಸುವ 'ಸ್ಟಿಯರ್'. ಹಿಂದೆ ಚುಕ್ಕಾಣಿಯ ಹುಟ್ಟನ್ನು ಬಲಗಡೆ ಕಟ್ಟುತ್ತಿದ್ದರು. ನಾರ್ವೆಯಲ್ಲಿ 1880ರಲ್ಲಿ ಅಗೆದು ತೆಗೆದ, ಸಾವಿರ ವರ್ಷಕ್ಕೂ ಹಳೆಯದಾದ ಗೋಕ್‌ಸ್ಟಾಡ್ ಹಡಗಿನಲ್ಲೂ ಚುಕ್ಕಾಣಿ ಇರುವುದು ಬಲಕ್ಕೇ. ಎಡಬದಿಗೆ 'ಲಾರ್‌ಬೋರ್ಡ್' ಅಂತಿತ್ತು. ಗಾಳಿಯಲ್ಲಿ ಕೂಗಿದರೆ ಎರಡೂ ಒಂದೇ ಥರ ಕೇಳುತ್ತಿದ್ದವು. ಸಮುದ್ರದ ಮಧ್ಯೆ ಎಡ–ಬಲ ಅದಲುಬದಲಾದರೆ ಏನು ಗತಿ? 1844ರಲ್ಲಿ ಬ್ರಿಟಿಷ್ ನೌಕಾಪಡೆ ಲಾರ್‌ಬೋರ್ಡ್ ಬಿಟ್ಟು 'ಪೋರ್ಟ್' ಅನ್ನಿ ಅಂತ ಆದೇಶವನ್ನೇ ಹೊರಡಿಸಿತು.

ಎಸ್ಸೆಸ್ಸೆಲ್ಸಿ ಆದ ಮೇಲೆ ನಾನು ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಸೇರಿದೆ. ಮೊದಲ ಲ್ಯಾಬಿನಲ್ಲಿ ಕೈಗೆ ಬಂದದ್ದು 'ಬ್ರೆಡ್‌ಬೋರ್ಡ್'. ಬಿಳಿ ಪ್ಲಾಸ್ಟಿಕ್, ಮೈತುಂಬ ಸಣ್ಣ ತೂತು, ಬೆಸುಗೆ ಇಲ್ಲದೆ ವೈರು ಸಿಕ್ಕಿಸಿ ಸರ್ಕ್ಯೂಟ್ ಕಟ್ಟುವಂಥದ್ದು. ಉಳಿದವರು ಸುಮ್ನೆ ವೈರು ಸಿಕ್ಕಿಸುತ್ತಿದ್ದರು, ನನಗೆ ಮಾತ್ರ ಬ್ರೆಡ್ ಎಲ್ಲಿಂದ ಬಂತು ಅನ್ನುವ ಯೋಚನೆ. ಹುಡುಕಿ ನೋಡಿದೆ. ರೇಡಿಯೋ ಹೊಸದಾಗಿದ್ದ ಕಾಲದಲ್ಲಿ ಆ ಹುಚ್ಚಿನವರು ಅಡುಗೆಮನೆಯಿಂದ ಬ್ರೆಡ್ ಕೊಯ್ಯುವ ಮಣೆ ತಂದು, ಅದಕ್ಕೆ ಮೊಳೆ ಹೊಡೆದು ವೈರು ಸುತ್ತಿ ಸೆಟ್ ಜೋಡಿಸುತ್ತಿದ್ದರಂತೆ. ನಮ್ಮ ಚಪಾತಿ ಮಣೆಯ ಮೇಲೆ ರೇಡಿಯೋ ಕಟ್ಟಿದಂತೆ! ಅದೇ ಭಾನುವಾರ ಸಾರ್ ಮನೆಗೆ ಹೋಗಿ ಹೇಳಿದೆ. ಅವರಿಗೂ ಅದು ಹೊಸದು. ಕನ್ನಡಕ ಹಾಕಿಕೊಂಡು, ಆ ಸೋಮವಾರದ ಪಾಠ ಇದ್ದ ತಮ್ಮ ನೋಟ್‌ಬುಕ್ ತೆಗೆದು ಕೊನೆಗೆ ಸೇರಿಸಿಕೊಂಡರು.

ಈಗ ನಮ್ಮ ಶಾಲೆಯಲ್ಲಿ ಓದುತ್ತಿರುವ ಮಕ್ಕಳಿಗೆ ಒಂದು ಮಾತು. ನಮ್ಮ ಲೈಬ್ರರಿಯ ದಪ್ಪ ಡಿಕ್ಷನರಿಯಲ್ಲಿ 'ಬಾರ್' ಅನ್ನುವ ಪದ ನೋಡಿ. ವಕೀಲರ ಬಾರ್ ಕೌನ್ಸಿಲ್‌ಗೂ ಬಾರ್ ಅಂಡ್ ರೆಸ್ಟೋರೆಂಟಿಗೂ ಸಂಬಂಧ ಏನು ಅಂತ ನೀವೇ ಹುಡುಕಿ. ಕೋರ್ಟಿನಲ್ಲಿ ಅಡ್ಡಕ್ಕೆ ಕಟ್ಟಿದ್ದ ಮರದ ಪಟ್ಟಿಯಿಂದ ಶುರು ಮಾಡಿ.