ಠಾಣೆಯವಳು, ಘಾಟ್ಕೋಪರಿನವಳು ಮತ್ತು ನಾನು

ಮುಂಬಯಿಯಲ್ಲಿ ನನಗೆ ಗೆಳತಿಯರು ಸಿಕ್ಕಿದ್ದು ಲೋಕಲ್ ರೈಲಿನಲ್ಲಿ. ಡೊಂಬಿವಲಿಯಲ್ಲಿ ಹೊರಟು ವಿ.ಟಿ.ಗೆ, ಅಂದರೆ ವಿಕ್ಟೋರಿಯಾ ಟರ್ಮಿನಸ್‌ಗೆ, ಹೋಗುವ ಬೆಳಗಿನ ಫಾಸ್ಟ್ ಗಾಡಿ, ಅದರ ಸೆಕೆಂಡ್ ಕ್ಲಾಸಿನ ಲೇಡೀಸ್ ಡಬ್ಬಿ, ಅದರೊಳಗೆ ಕಿಟಕಿಯ ಬದಿಯ ಎದುರುಬದುರು ಎರಡು ಬೆಂಚು. ಅಷ್ಟು ಜಾಗದಲ್ಲಿ ಬೆಳೆದ ಸ್ನೇಹ. ವಿ.ಟಿ. 1996ರಲ್ಲಿ ಸಿ.ಎಸ್.ಟಿ. (ಛತ್ರಪತಿ ಶಿವಾಜಿ ಟರ್ಮಿನಸ್) ಆಯಿತು, 2017ರಲ್ಲಿ ಆ ಹೆಸರಿಗೆ ಮಹಾರಾಜ್ ಎಂಬುದೂ ಸೇರಿತು. ನಮ್ಮ ಬಾಯಲ್ಲಿ ಮಾತ್ರ ಅದು ಇಂದಿಗೂ ವಿ.ಟಿ.ಯೇ. ಹೆಸರು ತಿಳಿಯುವುದಕ್ಕೆ ಮೊದಲು ನಮಗೆ ಒಬ್ಬರಿಗೊಬ್ಬರ ನಿಲ್ದಾಣ ತಿಳಿಯುತ್ತಿತ್ತು. ಎಲ್ಲಿ ಹತ್ತುತ್ತಾಳೆ, ಎಲ್ಲಿ ಇಳಿಯುತ್ತಾಳೆ ಎಂಬುದೇ ಗುರುತು. ಠಾಣೆಯವಳು ಹೀಗೆಂದಳು, ಘಾಟ್ಕೋಪರಿನವಳ ಮಗಳಿಗೆ ಗಂಡು ಗೊತ್ತಾಯಿತು, ದಾದರಿನಲ್ಲಿ ಇಳಿಯುವವಳಿಗೆ ಬಡ್ತಿ ಸಿಕ್ಕಿತು ಎಂದೇ ನಾನು ಮನೆಯಲ್ಲಿ ಸುದ್ದಿ ಹೇಳುತ್ತಿದ್ದೆ. ಹೆಸರು ಗೊತ್ತಾದ ಮೇಲೂ ಆ ರೂಢಿ ಹೋಗಲಿಲ್ಲ.

ಮಾವನವರ ಆರೋಗ್ಯ ಕೆಟ್ಟು ನಾವು 2019ರಲ್ಲಿ ಉಡುಪಿಯ ಕಡೆಗೆ ಮರಳಿದೆವು. ಮರುವರ್ಷ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದು ಮುಂಬಯಿಯ ಲೋಕಲ್ ಓಡಾಟವೇ ನಿಂತಿತು. ಯುದ್ಧಕ್ಕೂ ಮಳೆಗೂ ಹಾಗೆ ತಿಂಗಳುಗಟ್ಟಲೆ ನಿಂತವಲ್ಲ ಆ ಗಾಡಿಗಳು. ಅಕ್ಟೋಬರಿನಲ್ಲಿ ಹೆಂಗಸರಿಗೆ ಹತ್ತಲು ಬಿಟ್ಟರು, ಅದೂ ಜನಜಂಗುಳಿಯ ಹೊತ್ತನ್ನು ಬಿಟ್ಟು. ನಮ್ಮ ಗುಂಪು ಮೊಬೈಲಿನಲ್ಲಿ ಮಾತ್ರ ಉಳಿಯಿತು. ಒಬ್ಬಳು ಮನೆಯಿಂದಲೇ ಕೆಲಸ ಮಾಡತೊಡಗಿದಳು, ಒಬ್ಬಳು ನಿವೃತ್ತಳಾದಳು, ಒಬ್ಬಳು ಮಂಡಿನೋವಿನಿಂದ ಕೆಲಸ ಬಿಟ್ಟಳು. ದಿನಾ ಬೆಳಿಗ್ಗೆ "ಗಾಡಿ ಎಷ್ಟು ಲೇಟು?" ಎಂಬ ಸಂದೇಶ ಬರುತ್ತಿದ್ದ ಆ ಗುಂಪಿನಲ್ಲಿ ಹಬ್ಬದ ಶುಭಾಶಯ ಬಿಟ್ಟು ಬೇರೇನೂ ಬರದಂತಾಯಿತು. ಅದು ನನಗೆ ಬಹಳ ನೋವು ಕೊಟ್ಟ ಸಂಗತಿ. ಹೀಗಿರುವಾಗ 2025ರ ನವರಾತ್ರಿಗೆ ಮುಂಚೆ ಠಾಣೆಯವಳು ಬರೆದಳು: "ಖಂಡೇನವಮಿಯ ದಿನ ಡಬ್ಬಿ ಸಿಂಗರಿಸುತ್ತೇವೆ. ಬಾ." ಅಷ್ಟೇ ಬರೆದಿದ್ದಳು. ಖಂಡೇನವಮಿಯೆಂದರೆ ನಮ್ಮ ಆಯುಧಪೂಜೆಯ ದಿನ. ನಾನು ಮತ್ಸ್ಯಗಂಧಾ ಎಕ್ಸ್‌ಪ್ರೆಸ್ ರೈಲಿಗೆ ಟಿಕೆಟ್ ಮಾಡಿಸಿದೆ.

ಮುಂಬಯಿಗೆ ರಜೆಗೆ ಹೋಗುತ್ತೇನೆ ಎಂದರೆ ಊರಿನಲ್ಲಿ ಎಲ್ಲರೂ ಹೇಳಿದ್ದು ಅಟಲ್ ಸೇತು ನೋಡಿ ಬಾ, ಹೊಸ ಮೆಟ್ರೊ ಹತ್ತಿ ಬಾ ಎಂದು. 21.8 ಕಿಲೋಮೀಟರ್ ಉದ್ದದ ಆ ಸೇತುವೆ ನೋಡತಕ್ಕದ್ದೇ ಇರಬಹುದು. ನನಗೆ ನೋಡಬೇಕಾಗಿದ್ದದ್ದು ಆ ಎರಡು ಬೆಂಚು.

ಪನ್ವೇಲ್ ದಾಟಿದ ಮೇಲೆ ನಿದ್ದೆ ಬರಲಿಲ್ಲ. ದಿವಾ ಕಳೆದು ಗಾಡಿ ಪಾರ್ಸಿಕ್ ಸುರಂಗ ಹೊಕ್ಕಾಗ ಎದ್ದು ಕುಳಿತೆ. 1916ರಲ್ಲಿ ತೆರೆದ, ಸುಮಾರು 1.3 ಕಿಲೋಮೀಟರ್ ಉದ್ದದ ಈ ಸುರಂಗದಲ್ಲಿ ನಾನು ವರ್ಷಗಟ್ಟಲೆ ದಿನಕ್ಕೆ ಎರಡು ಸಲ ಹಾದಿದ್ದೇನೆ. ಹೊಕ್ಕ ಕೂಡಲೇ ತಂಪು ಗಾಳಿ, ಕಿವಿ ತುಂಬುವ ಸದ್ದು. ಮಾತು ಅರ್ಧಕ್ಕೆ ನಿಲ್ಲುತ್ತಿತ್ತು, ಆಚೆ ಬೆಳಕಿಗೆ ಬಂದ ಮೇಲೆ ಅದೇ ಪದದಿಂದ ಮುಂದುವರಿಯುತ್ತಿತ್ತು. 2022ರಲ್ಲಿ ಠಾಣೆ ಮತ್ತು ದಿವಾ ನಡುವೆ ಐದನೆಯ, ಆರನೆಯ ಹಳಿಗಳು ಬಂದ ಮೇಲೆ ಫಾಸ್ಟ್ ಲೋಕಲ್‌ಗಳು ಮುಂಬ್ರಾ ಕಡೆಯಿಂದ ಓಡುತ್ತವೆ, ಸುರಂಗ ದೂರದೂರಿನ ಗಾಡಿಗಳ ಪಾಲಾಗಿದೆ. ಡೊಂಬಿವಲಿಯ ಹೊಸ ಹುಡುಗಿಯರಿಗೆ ಆ ಕತ್ತಲೆಯ ಪರಿಚಯವೇ ಇಲ್ಲ, ಉಡುಪಿಯಿಂದ ಬಂದ ನನಗೆ ಅದು ಮತ್ತೆ ಸಿಕ್ಕಿತು.

ಡೊಂಬಿವಲಿಯಲ್ಲಿ ನಾವಿದ್ದ ಮೂರು ಮಹಡಿಯ ಕಟ್ಟಡ ಈಗಿಲ್ಲ. ಸುತ್ತ ತಗಡಿನ ಬೇಲಿ ಹಾಕಿ ಹೊಸದು ಏಳುತ್ತಿದೆ. ಐದು ನಿಮಿಷ ನಿಂತು ನೋಡಿದೆ. ಪಾಯಸದ ಬಟ್ಟಲು ಹಿಡಿದು ಹತ್ತಿಳಿಯುತ್ತಿದ್ದ ಮೆಟ್ಟಿಲು ಎಲ್ಲಿತ್ತು ಎಂದು ಅಂದಾಜು ಸಿಗಲಿಲ್ಲ. ನಾನು ಉಳಿದುಕೊಂಡದ್ದು ನಿವೃತ್ತಳಾದ ಡೊಂಬಿವಲಿಯ ಗೆಳತಿಯ ಮನೆಯಲ್ಲಿ. ಆ ರಾತ್ರಿ ಅವಳ ಮನೆಯ ನೆಲದ ತುಂಬ ದಾದರ್ ಮಾರುಕಟ್ಟೆಯಿಂದ ತಂದ ಚೆಂಡುಹೂವು. ಅವಳು, ಅವಳ ಸೊಸೆ, ನಾನು ಕುಳಿತು ಹನ್ನೊಂದರವರೆಗೆ ತೋರಣ ಕಟ್ಟಿದೆವು. ಹೂವಿನ ನಡುವೆ ಮಾವಿನೆಲೆ ಪೋಣಿಸಬೇಕು ಎಂದು ನಾನು, ಎಲೆ ಬೆಳಗಾಗುವುದರೊಳಗೆ ಸುರುಟುತ್ತದೆ ಎಂದು ಅವಳು. ಎಲೆ ಸುರುಟಲಿಲ್ಲ.

ನವರಾತ್ರಿಯಲ್ಲಿ ಮುಂಬಯಿಯ ಹೆಂಗಸರು ದಿನಕ್ಕೊಂದು ಬಣ್ಣ ಉಡುತ್ತಾರೆ. ಆ ದಿನ ಹಸಿರೆಂದರೆ ಇಡೀ ಪ್ಲಾಟ್‌ಫಾರಂ ಹಸಿರು, ಮೀನು ಮಾರುವವಳೂ ಬ್ಯಾಂಕಿನ ಅಧಿಕಾರಿಯೂ ಒಂದೇ ಬಣ್ಣ. ನಾನು ಹೋದ ದಿನ ನೇರಳೆ. ನನ್ನಲ್ಲಿ ಆ ಬಣ್ಣದ ಸೀರೆ ಇಲ್ಲ ಎಂದು ತಿಳಿದು ಗೆಳತಿ ತನ್ನದನ್ನು ಇಸ್ತ್ರಿ ಮಾಡಿಟ್ಟಿದ್ದಳು. ದಸರೆಗೆ ಕಚೇರಿಗಳಿಗೆ ರಜೆ, ಆದ್ದರಿಂದ ರೈಲಿನ ಪೂಜೆ ಅದರ ಹಿಂದಿನ ದಿನವೇ ಆಗಬೇಕು. ಗಾಡಿ ಬಂದು ನಿಲ್ಲುವುದಕ್ಕೂ ಹೊರಡುವುದಕ್ಕೂ ನಡುವೆ ಸಿಗುವುದು ಕೆಲವೇ ನಿಮಿಷ. ಅಷ್ಟರಲ್ಲಿ ಹಿಡಿಕೆಗಳ ಸಾಲಿಗೆ ತೋರಣ, ಕಿಟಕಿಯ ಸರಳಿಗೆ ಹೂಮಾಲೆ, ಬಾಗಿಲ ಬಳಿಯ ಗೋಡೆಗೆ ದೇವಿಯ ಪಟ, ಅದಕ್ಕೆ ಕುಂಕುಮ. ಇಬ್ಬರು ಮುಂದಕ್ಕೆ ಓಡಿ ಮೋಟರ್‌ಮನ್ನನಿಗೆ ಹಾರ ಹಾಕಿ ಪೇಢೆ ಕೊಟ್ಟು ಬಂದರು. ಗಾಡಿ ಚಲಿಸುತ್ತಿದ್ದಂತೆ ಆರತಿಯ ಹಾಡು ಶುರುವಾಯಿತು. ಹಾಡು ಬಾರದವರು ಚಪ್ಪಾಳೆ ಹಾಕಿದರು. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯರು ನನ್ನನ್ನು "ಕಾಕೂ, ಇಲ್ಲಿ ಕುಳಿತುಕೊಳ್ಳಿ" ಎಂದು ಕಿಟಕಿಯ ಪಕ್ಕಕ್ಕೆ ಕರೆದರು. ಉಪವಾಸವಿದ್ದವರ ತಿಂಡಿಡಬ್ಬಿಯಿಂದ ಸಾಬೂದಾಣೆ ಖಿಚಡಿ ಕೈಯಿಂದ ಕೈಗೆ ಬಂತು.

ಠಾಣೆಯಲ್ಲಿ ಅವಳು ಹತ್ತಿದಳು. ಜನರ ನಡುವೆ ಮೊದಲು ಅವಳ ಕೈಚೀಲ ಒಳಗೆ ಬಂತು, ಯಾರೋ ಅದನ್ನು ಹಿಡಿದು ನಮ್ಮ ಬೆಂಚಿಗೆ ದಾಟಿಸಿದರು, ಆಮೇಲೆ ಅವಳು. ನನ್ನ ತಲೆಯ ಮೇಲೆ ಕೈಯಿಟ್ಟು "ಬಿಳಿಯಾಗಿದೆ" ಎಂದಳು. ನಾನು ಎದ್ದು ಅವಳನ್ನು ಕೂರಿಸಿದೆ. ಅದು ನಮ್ಮ ಹಳೆಯ ಕ್ರಮ. ಡೊಂಬಿವಲಿಯಿಂದ ಕುಳಿತು ಬಂದವರು ಠಾಣೆಯಲ್ಲಿ ಏಳಬೇಕು, ಠಾಣೆಯವರು ಘಾಟ್ಕೋಪರಿನಲ್ಲಿ. ಮೂವರ ಬೆಂಚಿನಲ್ಲಿ ನಾಲ್ಕನೆಯವಳಿಗೆ ತುದಿಯಲ್ಲಿ ಗೇಣಗಲ ಜಾಗ ಇದ್ದೇ ಇರುತ್ತದೆ. ಕುಳಿತವರನ್ನು "ಎಲ್ಲಿ ಇಳಿಯುತ್ತೀರಿ?" ಎಂದು ಕೇಳಿ ಸೀಟು ಗೊತ್ತು ಮಾಡಿಕೊಳ್ಳುವುದು ಅಲ್ಲಿನ ಕಾನೂನು, ಬರೆದಿಟ್ಟ ಕಾನೂನಿಗಿಂತ ಗಟ್ಟಿ. ಗುಂಪು ಕಟ್ಟಿಕೊಂಡವರು ಸೀಟು ಹಿಡಿದಿಟ್ಟು ಹೊಸಬರನ್ನು ಗೋಳಾಡಿಸುವುದೂ ಉಂಟು, ಅದನ್ನು ನಾನು ಒಪ್ಪುವುದಿಲ್ಲ. ನಮ್ಮ ಬೆಂಚಿನಲ್ಲಿ ಬಸುರಿಗೆ, ಮಗು ಎತ್ತಿಕೊಂಡವಳಿಗೆ, ಮುಖ ಬಾಡಿದವಳಿಗೆ ಮೊದಲು ಜಾಗ ಎಂದು ಘಾಟ್ಕೋಪರಿನವಳು ಬಹಳ ಹಿಂದೆಯೇ ಗೊತ್ತುಮಾಡಿದ್ದಳು. ನನ್ನ ಮೊದಲ ಬಸುರಿನಲ್ಲಿ ಅವಳೇ ಎದ್ದು ನನ್ನನ್ನು ಕೂರಿಸಿದ್ದು. ಆಗ ನಮಗೆ ಪರಿಚಯವೂ ಇರಲಿಲ್ಲ.

ಠಾಣೆ ತಲುಪುವ ಮೊದಲು ಮುಂಬ್ರಾ ದಾಟುವಾಗ ಹಾಡು ತಾನಾಗಿ ತಗ್ಗಿತ್ತು. 2025ರ ಜೂನ್‌ನಲ್ಲಿ ಅಲ್ಲಿಯ ತಿರುವಿನಲ್ಲಿ ಎರಡು ಲೋಕಲ್‌ಗಳು ಎದುರುಬದುರಾಗಿ ಹಾದಾಗ ಬಾಗಿಲಲ್ಲಿ ನೇತಾಡುತ್ತಿದ್ದವರು ಹಳಿಗೆ ಬಿದ್ದು ಸತ್ತರು. ಆ ಬೆಳಿಗ್ಗೆ ಇವರೆಲ್ಲ ಒಬ್ಬರಿಗೊಬ್ಬರು ಫೋನ್ ಮಾಡಿಕೊಂಡಿದ್ದರು, ನಾನು ಉಡುಪಿಯಿಂದ ಎಲ್ಲರಿಗೂ ಮಾಡಿದ್ದೆ. ಈ ಊರಿನ ಮೇಲೆ ನನಗಿರುವ ಪ್ರೀತಿಯಷ್ಟೇ ಸಿಟ್ಟೂ ಇದೆ. 1853ರಲ್ಲಿ ಬೋರಿಬಂದರಿನಿಂದ ಠಾಣೆಗೆ ದೇಶದ ಮೊದಲ ಪ್ರಯಾಣಿಕ ರೈಲು ಓಡಿದ ಹಾದಿ ಇದು. ಇದೇ ಹಾದಿಯಲ್ಲಿ ಇಷ್ಟು ವರ್ಷಗಳ ಮೇಲೂ ದುಡಿಯಲು ಹೋಗುವವರು ಒಂದು ಕಾಲಿಡುವಷ್ಟು ಜಾಗಕ್ಕಾಗಿ ಜೀವ ಒತ್ತೆಯಿಡಬೇಕಾಗಿದೆ. ಗಾಡಿ ಹೆಚ್ಚಬೇಕು, ಕಚೇರಿಗಳೆಲ್ಲ ನಗರದ ಒಂದೇ ಮೂಲೆಗೆ ಜನರನ್ನು ಒಂದೇ ಹೊತ್ತಿಗೆ ಕರೆಯುವುದು ನಿಲ್ಲಬೇಕು. ಹೆಂಗಸರು ನಾಲ್ಕನೆಯ ಸೀಟು ಬಿಟ್ಟುಕೊಡುತ್ತಾರೆ, ಹೇಗೋ ನಡೆಯುತ್ತದೆ ಎಂದು ಆಳುವವರು ಸುಮ್ಮನಿರಬಾರದು.

ವಿ.ಟಿ.ಯಲ್ಲಿ ಇಳಿಯುವಾಗ ಪಟ, ತೋರಣ ಹಾಗೇ ಬಿಟ್ಟೆವು. ಅದೇ ಗಾಡಿ ಮತ್ತೆ ಹೊರಡುತ್ತದೆ, ಮುಂದಿನವರೂ ನೋಡಲಿ. ಎಲ್ಲರೂ ದಸರೆಗೆ ಬಂಗಾರವೆಂದು ಕೊಡುವ ಆಪ್ಟಾ ಎಲೆ ಹಂಚಿಕೊಂಡು, ಬಂಗಾರದ ಹಾಗಿರು ಎಂದು ಹರಸಿಕೊಂಡು ಕಚೇರಿಗಳತ್ತ ಓಡಿದರು. ಆ ಓಟದ ವೇಗ ಒಂದಿಷ್ಟೂ ಕಡಿಮೆಯಾಗಿಲ್ಲ. ಡೊಂಬಿವಲಿಯ ಗೆಳತಿಯೂ ನಾನೂ ಅಲ್ಲೇ ಹತ್ತಿರದ ಫೋರ್ಟ್ ಪ್ರದೇಶದಲ್ಲಿ ಸ್ವಲ್ಪ ಅಡ್ಡಾಡಿ, ಹಳೆಯ ಉಡುಪಿ ಹೋಟೆಲಿನಲ್ಲಿ ಇಡ್ಲಿ ತಿಂದು ಘಾಟ್ಕೋಪರಿಗೆ ಗಾಡಿ ಹತ್ತಿದೆವು.

ಘಾಟ್ಕೋಪರಿನವಳ ಮನೆಯನ್ನು ನಾನು ಆ ದಿನ ಮೊದಲ ಸಲ ನೋಡಿದೆ. ಅವಳ ಅತ್ತೆಯ ಸಿಡುಕು, ಗಂಡನ ರಕ್ತದೊತ್ತಡ, ಮಗಳ ಮದುವೆಯ ಖರ್ಚು, ಅಡುಗೆಮನೆಯಲ್ಲಿ ಸೋರುವ ನಲ್ಲಿ, ಎಲ್ಲವೂ ನನಗೆ ಗೊತ್ತಿತ್ತು. ಮನೆ ಎಷ್ಟನೆಯ ಮಹಡಿ ಎಂಬುದು ಗೊತ್ತಿರಲಿಲ್ಲ. ಮುಂಬಯಿಯಲ್ಲಿ ಯಾರಿಗೂ ಯಾರ ಮನೆಗೂ ಹೋಗಲು ಹೊತ್ತಿರುವುದಿಲ್ಲ. ಭಾನುವಾರ ಬಟ್ಟೆ ಒಗೆಯಲು, ಹಿಟ್ಟು ಬೀಸಿಸಲು ಹೋಗುತ್ತದೆ. ಬಾಗಿಲು ತೆರೆದದ್ದು ಅವಳ ಗಂಡ. ನಮ್ಮಿಬ್ಬರನ್ನೂ ನೋಡಿ, "ನೀವು ಡೊಂಬಿವಲಿ" ಎಂದು ಗೆಳತಿಗೆ ಹೇಳಿ, ನನ್ನತ್ತ ತಿರುಗಿ, "ನೀವೂ ಡೊಂಬಿವಲಿ, ಆದರೆ ಉಡುಪಿಯವರು" ಎಂದರು. ಇಷ್ಟು ವರ್ಷ ಅವರ ಮನೆಯಲ್ಲೂ ನಮ್ಮ ಸುದ್ದಿ ನಿಲ್ದಾಣದ ಹೆಸರಿನಲ್ಲೇ ನಡೆದಿತ್ತು ಎಂದು ತಿಳಿದು ನನಗಾದ ಸಂತೋಷಕ್ಕೆ ಅಳತೆಯಿಲ್ಲ.

ಅವಳು ವಾಕರ್ ಹಿಡಿದು ಬಂದಳು. ಲೋಕಲಿನ ಬಾಗಿಲಲ್ಲಿ ಒಂದೇ ಜಿಗಿತಕ್ಕೆ ಹತ್ತುತ್ತಿದ್ದ ಹೆಂಗಸು. ಎರಡೂ ಮಂಡಿಗೆ ಶಸ್ತ್ರಚಿಕಿತ್ಸೆ ಬೇಕೆಂದು ವೈದ್ಯರು ಹೇಳಿದ್ದಾರೆ, ಮಗಳ ಹೆರಿಗೆ ಆಗಲಿ ಎಂದು ಇವಳು ಮುಂದೆ ಹಾಕುತ್ತಿದ್ದಾಳೆ. ಹಾಗೆ ಮಾಡಬೇಡ ಎಂದು ನಾವಿಬ್ಬರೂ ಜಗಳವಾಡಿದೆವು. ಅವಳ ಗಂಡ ಅಡುಗೆಮನೆಯಿಂದಲೇ "ಇನ್ನೂ ಜೋರಾಗಿ ಹೇಳಿ" ಎಂದರು. ನಾನು ತಂದ ಹಲಸಿನ ಹಪ್ಪಳವನ್ನು ಅವರೇ ಕರಿದರು. ಸಂಜೆ ಕಚೇರಿ ಬಿಟ್ಟ ಮೇಲೆ ಠಾಣೆಯವಳು, ದಾದರಿನಲ್ಲಿ ಇಳಿಯುವವಳು ಇಬ್ಬರೂ ಬಂದರು. ಬರುವ ಹಾದಿಯಲ್ಲಿ ಫಾಫಡಾ, ಜಿಲೇಬಿ ತಂದಿದ್ದರು. ಗುಜರಾತಿಗಳಿಗೆ ದಸರೆಯೆಂದರೆ ಅದು, ಅಂಗಡಿಗಳು ಹಿಂದಿನ ಸಂಜೆಯೇ ಬಾಣಲೆ ಇಟ್ಟಿದ್ದವು. ಕುಳಿತುಕೊಳ್ಳಲು ಬೇಕಾದಷ್ಟು ಜಾಗವಿತ್ತು, ಯಾರೂ ಏಳಬೇಕಾಗಿರಲಿಲ್ಲ, ಇಳಿಯುವ ನಿಲ್ದಾಣ ಬಂತೆಂದು ಮಾತು ತುಂಡಾಗಲಿಲ್ಲ. ಮೊದಲಿಗೆ ಅದು ನಮಗೆ ಒಗ್ಗಲಿಲ್ಲ. ಐವರೂ ಸ್ವಲ್ಪ ಹೊತ್ತು ಒಬ್ಬರ ಮುಖ ಒಬ್ಬರು ನೋಡುತ್ತ ಕುಳಿತೆವು. ಆಮೇಲೆ ದಾದರಿನವಳು ತನ್ನ ಕಚೇರಿಯ ಹೊಸ ಮೇಲಧಿಕಾರಿಯ ಕಥೆ ಎತ್ತಿದಳು, ಒಂಬತ್ತಾದದ್ದು ಗೊತ್ತಾಗಲಿಲ್ಲ.

ಹೊರಡುವ ಹೊತ್ತಿಗೆ ಘಾಟ್ಕೋಪರಿನವಳು ಕೇಳಿದಳು, "ನಿಮ್ಮೂರಿನಲ್ಲಿ ಎರಡು ವರ್ಷಕ್ಕೊಮ್ಮೆ ಸ್ವಾಮಿಗಳು ಬದಲಾಗುತ್ತಾರಲ್ಲ, ರಾತ್ರಿಯಿಡೀ ಮೆರವಣಿಗೆ, ಅದು ಯಾವಾಗ?" ರೈಲಿನಲ್ಲಿ ಎಂದೋ ಹೇಳಿದ್ದೆ, ಅವಳು ನೆನಪಿಟ್ಟಿದ್ದಳು. ಬರುವ ಜನವರಿ 18ಕ್ಕೆ ಪರ್ಯಾಯ ಎಂದೆ. ಮೊದಲು ಮಂಡಿ, ಆಮೇಲೆ ಮೆರವಣಿಗೆ ಎಂದಳು ಠಾಣೆಯವಳು. ಮಂಡಿ ಈಗಲೇ ಮಾಡಿಸಿದರೆ ಜನವರಿಗೆ ನಡೆದಾಡಬಹುದೇ ಎಂದು ನಾಳಿದ್ದೇ ವೈದ್ಯರನ್ನು ಕೇಳುತ್ತೇನೆ ಎಂದರು ಅವಳ ಗಂಡ. ರೈಲು ಬುಕಿಂಗ್ ಈಗ 60 ದಿನ ಮೊದಲು ಮಾತ್ರ ತೆರೆಯುವುದರಿಂದ ನವೆಂಬರಿನ ನಡುವಿಗೆ ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಕೂರಬೇಕು, ಆ ಕೆಲಸ ಡೊಂಬಿವಲಿಯ ಗೆಳತಿಯ ಸೊಸೆಗೆ. ಘಾಟ್ಕೋಪರಿನವಳಿಗೆ ಕೆಳಗಿನ ಬರ್ತೇ ಬೇಕು. ನಾನು ಉಡುಪಿ ನಿಲ್ದಾಣಕ್ಕೆ ಕಾರು ತರಬೇಕು, ಮನೆಯಲ್ಲಿ ಕೆಳಗಿನ ಕೋಣೆ ಖಾಲಿ ಮಾಡಿಸಬೇಕು, ಬಚ್ಚಲಿಗೆ ಹಿಡಿಕೆ ಹಾಕಿಸಬೇಕು. ಬಡಗಿಗೆ ಹೇಳಿಯಾಗಿದೆ.