ಸಹಿ ನನ್ನದೇ, ಸಾಲ ನನ್ನದಲ್ಲ

ಚೆಕ್ ಅಮಾನ್ಯ (ಚೆಕ್ ಬೌನ್ಸ್) ಪ್ರಕರಣದಲ್ಲಿ ಆರೋಪಿ ‘ಸಹಿ ನನ್ನದೇ, ಸಾಲ ಮಾತ್ರ ಪಡೆದಿಲ್ಲ’ ಎಂದಾಗಲೆಲ್ಲ ನನಗೆ ಸಂಕಟವಾಗುತ್ತದೆ. ವಾದ ಹೂಡಿದವನೇ ರುಜುವಾತುಪಡಿಸಬೇಕು: 1872ರ ಸಾಕ್ಷ್ಯ ಕಾಯ್ದೆಯ 101ನೇ ಕಲಂ ಹೇಳಿದ್ದನ್ನೇ ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 104ನೇ ಕಲಂ ಹೇಳುತ್ತದೆ. ಚೆಕ್ಕಿನ ವಿಷಯ ಬೇರೆ. ಸಹಿ ಒಪ್ಪಿದೊಡನೆ ರುಜುವಾತಿನ ಭಾರ ಆರೋಪಿಯ ಹೆಗಲೇರುತ್ತದೆ. ಕರ್ನಾಟಕದಿಂದಲೇ ಹೋದ ರಂಗಪ್ಪ ವಿರುದ್ಧ ಶ್ರೀ ಮೋಹನ್ ಪ್ರಕರಣದಲ್ಲಿ, 2010ರಲ್ಲಿ, ಸುಪ್ರೀಂ ಕೋರ್ಟ್, ಆಗ ಕಾನೂನು ತಳೆಯುವ ಪೂರ್ವಭಾವನೆಯಲ್ಲಿ, ಅಂದರೆ ಅಲ್ಲಗಳೆಯುವವರೆಗೆ ನಿಜವೆಂದು ಹಿಡಿಯುವುದರಲ್ಲಿ, ಸಾಲವಿತ್ತೆಂಬುದೂ ಸೇರಿದೆ ಎಂದಿತು. ಆದರೆ ಅದನ್ನು ಅಲ್ಲಗಳೆಯಲು ಸಂಶಯಾತೀತ ಪುರಾವೆ ಬೇಡ. ಆರೋಪಿಯ ಮಾತೇ ಹೆಚ್ಚು ಸಂಭವನೀಯ ಎಂದು ತೋರಿದರೆ ಸಾಕು. ‘ಅಷ್ಟು ಹಣ ನಿಮ್ಮಲ್ಲಿ ಎಲ್ಲಿಂದ ಬಂತು?’ ಎಂಬ ಪಾಟೀಸವಾಲಿಗೆ ದೂರುದಾರ ತಡವರಿಸಿದರೂ ಪ್ರಕರಣ ತಿರುಗಬಹುದು. ಭದ್ರತೆಗೆಂದು ಖಾಲಿ ಚೆಕ್ ಕೊಟ್ಟ ಎಷ್ಟೋ ಮಂದಿಗೆ ಈ ದಾರಿಯೇ ತಿಳಿದಿಲ್ಲ.